ಎದುರಿಗೆ ಪಟ್ಟೆ, ಓರೆಯಲ್ಲಿ ಚಿತ್ರ: ಇಲ್ಯೂಷನ್ ಹೆಣಿಗೆಗೆ ಗ್ರಾಫ್ ಎಳೆಯಬೇಕೇ, ಕುಗ್ಗಿಸಬೇಕೇ?

ನೇರ ನೋಡಿದರೆ ಬರೀ ಅಡ್ಡಪಟ್ಟೆ. ಕೆಳಗಿನಿಂದ ಓರೆಯಾಗಿ ನೋಡಿದರೆ ಹೃದಯವೋ ಬೆಕ್ಕೋ ಎದ್ದು ಬರುತ್ತದೆ. ಇಂಥ ಹೆಣಿಗೆ ನೋಡಿದವರೆಲ್ಲ ಕೇಳುವುದು ಒಂದೇ: ನನಗೆ ಬೇಕಾದ ಚಿತ್ರವನ್ನು ಹೀಗೆ ಅಡಗಿಸಲು ಗ್ರಾಫನ್ನು (ಚೌಕಳಿ ಹಾಳೆಯ ಮೇಲಿನ ನಕ್ಷೆಯನ್ನು) ಎಷ್ಟು ಎಳೆಯಬೇಕು, ಎಷ್ಟು ಕುಗ್ಗಿಸಬೇಕು?

ಮೊದಲ ಸಲಕ್ಕೆ ಎರಡೂ ಬೇಡ. ಏಕೆಂದು ತಿಳಿಯಲು ಹೆಣಿಗೆಯ ರಚನೆ ನೋಡಬೇಕು. ಗ್ರಾಫಿನ ಒಂದು ಸಾಲಿಗೆ ನಾಲ್ಕು ಸಾಲು ಹೆಣಿಗೆ: ತಿಳಿ ಬಣ್ಣದಲ್ಲಿ ಎರಡು, ಗಾಢ ಬಣ್ಣದಲ್ಲಿ ಎರಡು. ಮುಂಬದಿಯ ಸಾಲುಗಳು ಯಾವಾಗಲೂ ಪೂರ್ತಿ ನಿಟ್ (ಹೆಣೆಯುವ ಬದಿಗೆ ನಯವಾಗಿ ಕಾಣುವ ಕುಣಿಕೆ; ಹೆಣೆಯುವ ಬದಿಗೆ ಉಬ್ಬು ಬರುವುದು ಪರ್ಲ್). ಬಣ್ಣ ಬದಲಾಗುವುದು ಅಲ್ಲೇ; ಅಲ್ಲಿ ಪರ್ಲ್ ಹಾಕಿದರೆ ಹಿಂದಿನ ಸಾಲಿನ ಬಣ್ಣದ ಚುಕ್ಕೆಗಳು ಮುಂದೆ ಇಣುಕುತ್ತವೆ. ಚಿತ್ರ ಮೂಡುವುದು ಹಿಂಬದಿಯ ಸಾಲಿನಲ್ಲಿ ಮಾತ್ರ. ಅಲ್ಲಿ ನಿಟ್ ಹಾಕಿದರೆ ಮುಂಬದಿಯಲ್ಲಿ ಉಬ್ಬು, ಪರ್ಲ್ ಹಾಕಿದರೆ ಚಪ್ಪಟೆ. ತಿಳಿ ಬಣ್ಣದ ಹಿಂಬದಿ ಸಾಲಿನಲ್ಲಿ ಹಿನ್ನೆಲೆಗೆ ನಿಟ್, ಚಿತ್ರಕ್ಕೆ ಪರ್ಲ್. ಗಾಢ ಬಣ್ಣದಲ್ಲಿ ಇದರ ತಿರುವುಮುರುವು. ಓರೆಯಿಂದ ನೋಡುವಾಗ ಉಬ್ಬು ತನ್ನ ಹಿಂದಿನ ಚಪ್ಪಟೆ ಪಟ್ಟೆಯನ್ನು ಮರೆಮಾಡುತ್ತದೆ, ಅಷ್ಟೇ.

ಈಗ ಲೆಕ್ಕ. 24 ಚೌಕ ಅಗಲ, 24 ಚೌಕ ಎತ್ತರದ ಚಿತ್ರಕ್ಕೆ 24 ಕುಣಿಕೆ, 96 ಸಾಲು. 10 ಸೆಂ.ಮೀ.ಗೆ 20 ಕುಣಿಕೆ, 32 ಸಾಲು ಬರುವ ಹೆಣಿಗೆಯಾದರೆ ತುಂಡು 12 ಸೆಂ.ಮೀ. ಅಗಲ, 30 ಸೆಂ.ಮೀ. ಎತ್ತರ. ಎರಡೂವರೆ ಪಟ್ಟು ಉದ್ದ! ಇದನ್ನು ಕಂಡು ಗಾಬರಿಯಾಗಿ ಗ್ರಾಫನ್ನು ಕುಗ್ಗಿಸುವವರೇ ಹೆಚ್ಚು. ಆದರೆ ಬಟ್ಟೆಗೆ ಸುಮಾರು 24 ಡಿಗ್ರಿ ಓರೆಯಲ್ಲಿ ನೋಡಿದಾಗ ಆ 30 ಸೆಂ.ಮೀ. ಕಣ್ಣಿಗೆ 12 ಆಗಿಯೇ ಕಾಣುತ್ತದೆ. ಮೊದಲೇ ಕುಗ್ಗಿಸಿದ ಚಿತ್ರ ಅದೇ ಓರೆಯಲ್ಲಿ ಅಪ್ಪಚ್ಚಿ. ನಿಮ್ಮ ಕೈಯ ಬಿಗಿ ಬೇರೆ ಇರುತ್ತದೆ, ಹಾಗಾಗಿ ಇದೇ ಪಟ್ಟೆಯಲ್ಲಿ ಒಂದು ಮಾದರಿ ತುಂಡು ಹೆಣೆದು ಅಳೆಯಿರಿ.

ಎಲ್ಲಿಂದ ನೋಡುತ್ತಾರೆ ಎಂಬುದನ್ನೂ ಮೊದಲೇ ಯೋಚಿಸಿ. ಗೋಡೆಗೆ ತೂಗುಹಾಕುವುದಾದರೆ ಜನ ಪಕ್ಕದಿಂದ ಹಾದು ಹೋಗುತ್ತಾರೆ. ಪಟ್ಟೆ ಲಂಬವಾಗಿ ನಿಲ್ಲಬೇಕು. ಆಗ ಗ್ರಾಫಿನಲ್ಲಿ ಚಿತ್ರವನ್ನು ಅಡ್ಡ ಮಲಗಿಸಿ, ಹೆಣೆದ ಮೇಲೆ ತುಂಡನ್ನು ತಿರುಗಿಸಿ ತೂಗುಹಾಕಿ.

ಒಂದು ಕುಣಿಕೆ ಅಗಲದ ಗೆರೆ ಕಾಣುವುದಿಲ್ಲ, ಮೂರಾದರೂ ಇರಲಿ. ಮಧ್ಯದ ಛಾಯೆ ಬೇಕಾದರೆ ಆ ಜಾಗದಲ್ಲಿ ಎರಡೂ ಬಣ್ಣವನ್ನು ಉಬ್ಬಾಗಿಸಿ. ಆದರೆ ಸಣ್ಣ ಜಾಗಕ್ಕೆ ಮಾತ್ರ, ಏಕೆಂದರೆ ಬರೀ ಉಬ್ಬಿನ ಹೆಣಿಗೆ ಎತ್ತರದಲ್ಲಿ ಹೆಚ್ಚು ಕುಗ್ಗಿ ಸುತ್ತಲಿನ ಬಟ್ಟೆಯನ್ನು ಎಳೆಯುತ್ತದೆ. ಇಂಗ್ಲೆಂಡಿನ ಹೆಣಿಗೆ ವಿನ್ಯಾಸಕ ಸ್ಟೀವ್ ಪ್ಲಮರ್ ಮನುಷ್ಯರ ಮುಖಗಳನ್ನೇ ಈ ಹೆಣಿಗೆಯಲ್ಲಿ ತಂದಿದ್ದಾರೆ. ಅದು ಬಹಳ ಮುಂದಿನ ಹೆಜ್ಜೆ.

ಬಣ್ಣ ಆರಿಸುವಾಗ ಎರಡು ಉಂಡೆಗಳನ್ನೂ ಅಕ್ಕಪಕ್ಕ ಇಟ್ಟು ಮೊಬೈಲಿನಲ್ಲಿ ಕಪ್ಪು-ಬಿಳುಪು ಫೋಟೋ ತೆಗೆಯಿರಿ. ಕೆಂಪು, ಹಸಿರು ಎಷ್ಟೇ ಬೇರೆ ಅನ್ನಿಸಿದರೂ ಫೋಟೋದಲ್ಲಿ ಒಂದೇ ಬೂದು ಬಂದರೆ ಚಿತ್ರ ಮೂಡದು. ಜೂಲು ಜೂಲಾದ ದಾರ, ಒಂದೇ ಉಂಡೆಯಲ್ಲಿ ಹಲವು ಬಣ್ಣ ಬರುವ ದಾರ ಬೇಡ.

ನಾಲ್ಕು ಸಾಲಿಗೊಮ್ಮೆ ಓರೆಯಲ್ಲಿ ನೋಡಿ. ತಪ್ಪು ಕಂಡರೆ ಆ ಕುಣಿಕೆಯೊಂದನ್ನೇ ಬಿಚ್ಚಿ ಕ್ರೋಶಾ ಕಡ್ಡಿಯಿಂದ ತಿರುಗಿ ಎತ್ತಬಹುದು. ಮುಗಿದ ಮೇಲೆ ಇಸ್ತ್ರಿ ಮಾತ್ರ ಹಾಕಬೇಡಿ. ಅಕ್ರಿಲಿಕ್ ಆದರೆ ಉಬ್ಬು ಶಾಶ್ವತವಾಗಿ ಸತ್ತು ಹೋಗುತ್ತದೆ. ನೀರು ಚಿಮುಕಿಸಿ, ಎಳೆಯದೆ, ಟವೆಲ್ ಮೇಲೆ ಹಾಸಿ ಒಣಗಿಸಿ.