ಒಂದೇ ಒಂದು ಚಮಚ

"ಒಂದೇ ಒಂದು ಚಮಚ ತಿನ್ನೇ ಪುಟ್ಟಿ, ಏನೂ ಆಗಲ್ಲ."

ಈ ಮಾತು ಭಾನುವಾರದಿಂದ ನನ್ನ ತಲೆಯಲ್ಲಿ ಕೂತುಬಿಟ್ಟಿದೆ. ನೆಂಟರ ಮನೆ ಗೃಹಪ್ರವೇಶ. ಊಟದ ಕೊನೆಗೆ ಫ್ರೂಟ್ ಸಲಾಡ್, ಮೇಲೆ ಐಸ್‌ಕ್ರೀಂ. ಅಕ್ಕನ ಮಗಳು ಎರಡೂ ಕೈಯನ್ನು ಬೆನ್ನ ಹಿಂದೆ ಕಟ್ಟಿಕೊಂಡು, "ಬೇಡ ಅಜ್ಜಿ, ನಂಗೆ ಹಾಲು ಆಗಲ್ಲ" ಅಂದಳು. ಅಜ್ಜಿ ಕೇಳಲಿಲ್ಲ, ಚಮಚ ಬಾಯಿ ಹತ್ತಿರ ತಂದೇಬಿಟ್ಟರು. ಮಗು ತುಟಿ ಬಿಗಿಹಿಡಿದು ನಿಂತಿತ್ತು. ಅಷ್ಟರಲ್ಲಿ ಅಕ್ಕ ಓಡಿಬಂದಳು.

ಅಜ್ಜಿ ಒಳ್ಳೆಯವರು. ಬಲವಂತ ಮಾಡಿ ಬಡಿಸುವುದೇ ಪ್ರೀತಿ ಅಂತ ನಂಬಿ ಬೆಳೆದ ತಲೆಮಾರು. ನನಗೆ ಜಾಸ್ತಿ ಸಿಟ್ಟು ಬಂದದ್ದು ಪಕ್ಕದಲ್ಲಿದ್ದ, ಓದಿಕೊಂಡ ಮಹಾಶಯರ ಮೇಲೆ. "ಲ್ಯಾಕ್ಟೋಸ್ ಇಲ್ಲದ ಹಾಲು ಸಿಗುತ್ತಲ್ಲ, ಅದನ್ನ ಕೊಡಿ" ಅಂದರು. ಲ್ಯಾಕ್ಟೋಸ್ ಹಾಲಿನಲ್ಲಿರುವ ಸಕ್ಕರೆ. ಅದು ಜೀರ್ಣವಾಗದವರಿಗೆ ಹೊಟ್ಟೆ ಉಬ್ಬರಿಸುತ್ತದೆ, ಅಷ್ಟೇ. ಇವಳಿಗೆ ಆಗದಿರುವುದು ಹಾಲಿನ ಪ್ರೋಟೀನು. ಆ ಹಾಲಿನಲ್ಲಿ ಅದು ಪೂರ್ತಿ ಇರುತ್ತದೆ. ಇಂಥ ಅಲರ್ಜಿ ಇದ್ದವರಿಗೆ ಒಂದು ಚಮಚಕ್ಕೇ ಮೈಯೆಲ್ಲ ದದ್ದು ಏಳಬಹುದು, ತುಟಿ ಊದಬಹುದು, ಉಸಿರಾಟಕ್ಕೇ ತೊಂದರೆಯಾಗಬಹುದು. ಗೊತ್ತಿಲ್ಲದಿದ್ದರೆ ಕೇಳಬಹುದಿತ್ತು, ಅಲ್ವಾ?

ಮನೆಗೆ ಬಂದವಳೇ ಹಾಲಿಲ್ಲದ ಮಾವಿನಹಣ್ಣಿನ ಮೂಸ್, ಅಂದರೆ ನೊರೆಯಂಥ ಹಗುರ ಸಿಹಿ, ಮಾಡಲು ಕೂತೆ. ಬಾದಾಮಿ ಹಣ್ಣೇ ಬೇಕು. ರಸಪುರಿ ರುಚಿಗೆ ಚೆನ್ನ, ಆದರೆ ರಸ ಜಾಸ್ತಿ, ಮೂಸ್ ನೀರಾಗುತ್ತದೆ. ಬಲಿತ ತೆಂಗಿನಕಾಯಿ ತುರಿದು, ಸ್ವಲ್ಪವೇ ಬಿಸಿನೀರು ಹಾಕಿ ರುಬ್ಬಿ, ಮೊದಲ ಗಟ್ಟಿ ಹಾಲು ಹಿಂಡಿ ರಾತ್ರಿಯಿಡೀ ಫ್ರಿಜ್‌ನಲ್ಲಿಟ್ಟೆ. ಬೆಳಿಗ್ಗೆ ಮೇಲೆ ದಪ್ಪ ಬಿಳಿ ಕೆನೆ, ಕೆಳಗೆ ನೀರು. ಆ ನೀರು ಮಧ್ಯಾಹ್ನದ ಸಾಗುವಿಗೆ ಹೋಯಿತು.

ಮೂಸ್ ಹಗುರಾಗಬೇಕಾದರೆ ಒಳಗೆ ಗಾಳಿ ಬೇಕು. ಅದಕ್ಕೆ ಕಾಬೂಲಿ ಕಡಲೆಯ ಕಟ್ಟು. ಉಪ್ಪು ಹಾಕದೆ ಬೇಯಿಸಿ, ಆ ಗಟ್ಟಿ ಕಟ್ಟನ್ನು ತಣ್ಣಗಾಗಿಸಿ, ನಾಲ್ಕು ಹನಿ ನಿಂಬೆರಸ, ಸ್ವಲ್ಪ ಸಕ್ಕರೆ ಪುಡಿ ಹಾಕಿ ಬೀಟರ್ ಓಡಿಸಬೇಕು. ಮೊದಲು ಸೋಪಿನ ನೊರೆ ಥರ ಕಾಣುತ್ತದೆ. ಬಿಡದೆ ಹತ್ತು ನಿಮಿಷ ತಿರುಗಿಸಿದರೆ ಪಾತ್ರೆ ಬೋರಲು ಹಾಕಿದರೂ ಬೀಳದಷ್ಟು ಗಟ್ಟಿಯಾಗುತ್ತದೆ. ಕಡಲೆ ವಾಸನೆ ಮಾವಿನ ಘಮದಲ್ಲಿ ಗೊತ್ತೇ ಆಗುವುದಿಲ್ಲ.

ಹಿಡಿದು ನಿಲ್ಲಿಸಲು ಅರ್ಧ ಚಮಚ ಚೈನಾ ಗ್ರಾಸ್ ಪುಡಿ, ಅಂದರೆ ಕಡಲ ಪಾಚಿಯಿಂದ ತೆಗೆಯುವ ಅಗರ್. ನೀರಿನಲ್ಲಿ ಎರಡು ನಿಮಿಷ ಚೆನ್ನಾಗಿ ಕುದಿಸಿ, ಬಿಸಿಯಿರುವಾಗಲೇ ಮಾವಿನ ತಿರುಳಿಗೆ ಸೇರಿಸಬೇಕು. ತಿರುಳು ಫ್ರಿಜ್‌ನಿಂದ ತೆಗೆದದ್ದಾಗಿರಬಾರದು. ತಣ್ಣನೆ ತಿರುಳಿಗೆ ಬಿದ್ದರೆ ಅದು ಅಲ್ಲೇ ಎಳೆ ಎಳೆಯಾಗಿ ಹೆಪ್ಪುಗಟ್ಟುತ್ತದೆ. ಆಮೇಲೆ ತೆಂಗಿನ ಕೆನೆ, ಕೊನೆಗೆ ನೊರೆ. ನೊರೆಯನ್ನು ಮಾತ್ರ ಕೆಳಗಿನಿಂದ ಮೇಲಕ್ಕೆ ನಿಧಾನವಾಗಿ ಮಗುಚಬೇಕು.

ಸಂಜೆ ಅವಳು ಬಂದಳು. ಎಂದಿನ ಪ್ರಶ್ನೆ: "ಚಿಕ್ಕಮ್ಮ, ಇದ್ರಲ್ಲಿ ಹಾಲಿದ್ಯಾ?" ಇಲ್ಲ ಅಂದೆ. ಆದರೂ ಅಮ್ಮನ ಮುಖ ನೋಡಿದಳು. ಅಕ್ಕ ತಲೆ ಆಡಿಸಿದ ಮೇಲೇ ಚಮಚ ಎತ್ತಿದ್ದು. ನಾವೆಲ್ಲ ಆ ವಯಸ್ಸಿನಲ್ಲಿ ಕೈಗೆ ಕೊಟ್ಟದ್ದನ್ನು ಸುಮ್ನೆ ಬಾಯಿಗೆ ಹಾಕಿಕೊಂಡವರು. ಇವಳು ಪ್ರತಿ ಮನೆಯಲ್ಲಿ, ಪ್ರತಿ ತುತ್ತಿಗೂ ಮುಂಚೆ ವಿಚಾರಿಸಬೇಕು. ಅದೂ ದೊಡ್ಡವರಿಗೆ ಎದುರಾಡಿದಳು ಅನ್ನಿಸಿಕೊಳ್ಳದ ಹಾಗೆ. ನಮ್ಮ ಮಕ್ಕಳಿಗೆ ನಾವು ಇಂಥ ಕಷ್ಟ ಯಾಕೆ ಕೊಡಬೇಕು?

ಬಟ್ಟಲು ಖಾಲಿಯಾದ ಮೇಲೆ ಕೇಳಿದಳು, "ನೀವೂ ಇದನ್ನೇ ತಿಂತೀರಾ?" ಹೌದು, ಎಲ್ಲರಿಗೂ ಇದೇ ಅಂದೆ. ಆಗ ಅವಳ ಮುಖ ಅರಳಿತು. ಅವಳಿಗೆ ಅಂತ ಬೇರೆ ಮಾಡಿಟ್ಟ ಬಟ್ಟಲು ಎಲ್ಲ ಸಮಾರಂಭದಲ್ಲೂ ಸಿಗುತ್ತದೆ. ಎಲ್ಲರ ಜೊತೆ ಅದೇ ತಿಂಡಿ ಸಿಗುವುದು ಅಪರೂಪ.

ಅವಳ ಹುಟ್ಟುಹಬ್ಬಕ್ಕೂ ಎಲ್ಲರಿಗೂ ಮೂಸೇ ಅಂತ ಅಕ್ಕನಿಗೆ ಹೇಳಿದ್ದೇನೆ. ಅಷ್ಟರಲ್ಲಿ ಬಾದಾಮಿ ಮುಗಿದಿರುತ್ತದೆ, ಅನಾನಸ್‌ನಲ್ಲಿ ಮಾಡಬೇಕು. ಹಸಿ ಅನಾನಸ್ ಹಾಕಿದರೆ ಜೆಲಾಟಿನ್ (ಸಿಹಿ ಗಟ್ಟಿಯಾಗಲು ಹಾಕುವ, ಪ್ರಾಣಿಗಳಿಂದ ತೆಗೆಯುವ ಪದಾರ್ಥ) ಕಟ್ಟುವುದೇ ಇಲ್ಲ, ಚೈನಾ ಗ್ರಾಸ್‌ಗೆ ಆ ತೊಂದರೆಯಿಲ್ಲ. ಹುಳಿ ಹಣ್ಣಾದ್ದರಿಂದ ಪುಡಿ ಮಾತ್ರ ಸ್ವಲ್ಪ ಜಾಸ್ತಿ ಬೇಕಾಗಬಹುದು.