ನೆಟ್ ಇಲ್ಲದ ಸಂಜೆ, ಅಪ್ಪನ ಕರ್ಣ

14 ಜೂನ್ 2025, ಶನಿವಾರ
ಕ್ಯಾತ್ಸಂದ್ರ, ತುಮಕೂರು

ಚರಂಡಿಗೆ ಅಂತ ಜೆಸಿಬಿ ತಂದು ನಮ್ಮ ರಸ್ತೆ ಅಗೆದರು. ಫೈಬರ್ ಕೇಬಲ್ ತುಂಡಾಯಿತು. ಬೀದಿಗೆಲ್ಲ ನೆಟ್ ಇಲ್ಲ.

ಸಂಜೆ ಗುಬ್ಬಿಯಿಂದ ಚಿಕ್ಕಪ್ಪ ಬಂದರು. ಅವರು ಬಂದರೆ ಊರಿನ ಪೌರಾಣಿಕ ನಾಟಕ ಹಾಕಲೇಬೇಕು. ಅಪ್ಪ ಕರ್ಣ, ಚಿಕ್ಕಪ್ಪ ನಕುಲ. ವಿಎಚ್‌ಎಸ್ ಕ್ಯಾಸೆಟ್‌ಗಳಲ್ಲಿದ್ದದ್ದು ಈಗ ಮನೆಯ ವಿಡಿಯೊಗಳನ್ನು ಟಿವಿಗೆ ಕಳಿಸೋ ನನ್ನ ಜೆಲ್ಲಿಫಿನ್ ಸರ್ವರ್‌ನಲ್ಲಿದೆ. ಟಿವಿ ಹಾಕಿದೆ. ಬೇರೆ ಆ್ಯಪ್‌ಗಳೆಲ್ಲ ಸುಮ್ನೆ ಸುತ್ತುತ್ತಿದ್ದವು. ಜೆಲ್ಲಿಫಿನ್ ತೆರೆಯಿತು, ಹಾರ್ಮೋನಿಯಂ ಶುರುವಾಯಿತು.

"ಅಲ್ಲ ಕಣಮ್ಮ, ನೆಟ್ ಇಲ್ಲ ಅಂದೆ. ಇದು ಹೆಂಗ್ ಬಂತು?"

"ನಾಟಕ ಇರೋದು ಷೋಕೇಸ್ ಮೇಲಿರೋ ಆ ಪುಟ್ಟ ಡಬ್ಬಿಯಲ್ಲಿ ಚಿಕ್ಕಪ್ಪ. ಅಲ್ಲಿಂದ ರೂಟರ್‌ಗೆ, ರೂಟರ್‌ನಿಂದ ಟಿವಿಗೆ. ಹೊರಗಿನ ವೈರು ಕಡಿದರೆ ಇದಕ್ಕೇನು?"

"ಮತ್ತೆ ಹೋದ ಸಲ ಬರ್ಲಿಲ್ವಲ್ಲ?"

ಹೌದು. ಆಗ ಇದ್ದದ್ದು ಬೇರೆ ಸಾಫ್ಟ್‌ವೇರ್. ಫೈಲ್ ನಮ್ಮದು, ಡಿಸ್ಕ್ ನಮ್ಮದು. ಆದರೂ ನಮ್ಮನ್ನು ಒಳಗೆ ಬಿಡೋದಕ್ಕೆ ಅದು ಎಲ್ಲೋ ಇರುವ ಕಂಪನಿಯ ಸರ್ವರನ್ನು ಕೇಳಬೇಕಿತ್ತು. ಅವತ್ತು ಅಪ್ಪನ ಮುಖ ನೋಡಿ ನನಗೆ ಅಳುವೇ ಬಂದಿತ್ತು. ನಮ್ಮಪ್ಪನ ದನಿ ಕೇಳೋದಕ್ಕೆ ಬೇರೆಯವರ ಒಪ್ಪಿಗೆ ಯಾಕೆ ಬೇಕು?

ಜೆಲ್ಲಿಫಿನ್‌ನಲ್ಲಿ ಲಾಗಿನ್ ಹೆಸರು, ಪಾಸ್‌ವರ್ಡ್ ಎಲ್ಲ ನಮ್ಮ ಡಬ್ಬಿಯಲ್ಲೇ ಇರುತ್ತವೆ. 2018ರಲ್ಲಿ ಎಂಬಿ ಅನ್ನೋ ಸಾಫ್ಟ್‌ವೇರ್ ಎಲ್ಲರಿಗೂ ತೆರೆದಿದ್ದ ತನ್ನ ಕೋಡ್ ಮುಚ್ಚಿಟ್ಟಾಗ, ಅದನ್ನು ಒಪ್ಪದವರು ಬೇರೆಯಾಗಿ ಕಟ್ಟಿದ್ದು ಇದು. ದುಡ್ಡು ಕೇಳುವುದಿಲ್ಲ. ಸಿನಿಮಾಗಳ ಪೋಸ್ಟರ್, ಕಥೆ ಮಾತ್ರ ನೆಟ್‌ನಿಂದ ತರುತ್ತದೆ. ನಮ್ಮೂರ ನಾಟಕದ ಪೋಸ್ಟರ್ ಯಾವ ನೆಟ್‌ನಲ್ಲಿ ಸಿಗಬೇಕು ಹೇಳಿ? ಪಾತ್ರಧಾರಿಗಳ ಹೆಸರನ್ನು ವಿಡಿಯೊದ ವಿವರ ಇಡುವ ಎನ್‌ಎಫ್‌ಒ ಫೈಲ್‌ನಲ್ಲಿ ನಾನೇ ಬರೆದೆ. ಕಿರೀಟ ತೊಟ್ಟ ಅಪ್ಪನ ಫೋಟೋವನ್ನೇ ಪೋಸ್ಟರ್ ಮಾಡಿದೆ. ವಿಡಿಯೊ ಎಚ್.264 ಅನ್ನೋ ಸಾಮಾನ್ಯ ರೂಪದಲ್ಲಿರುವುದರಿಂದ ಟಿವಿ ನೇರವಾಗಿ ಓದುತ್ತದೆ, ಡಬ್ಬಿಗೆ ಕೆಲಸ ಕಡಿಮೆ. ರೂಟರ್‌ನಲ್ಲಿ ಡಬ್ಬಿಗೊಂದು ಐಪಿ, ಅಂದರೆ ಮನೆಯ ನೆಟ್‌ವರ್ಕ್‌ನಲ್ಲಿ ಅದರ ವಿಳಾಸ, ಕಾಯಂ ಮಾಡಿದ್ದೇನೆ. ಕರೆಂಟ್ ಹೋಗಿ ಬಂದರೂ ವಿಳಾಸ ಬದಲಾಗುವುದಿಲ್ಲ.

ಕುಂತಿ ಬರುವ ಸೀನ್‌ನಲ್ಲಿ ಅಪ್ಪ ಜೊತೆಗೆ ಹಾಡತೊಡಗಿದರು. ಟಿವಿಯಲ್ಲಿನ ಅಪ್ಪ ಮೇಲಿನ ಷಡ್ಜಕ್ಕೆ ಹೋದರು. ಸೋಫಾದಲ್ಲಿದ್ದ ಅಪ್ಪ ಕೆಳಗೇ ನಿಂತರು, ಕೈ ಮಾತ್ರ ಮೇಲೆ ಹೋಯಿತು. ಚಿಕ್ಕಪ್ಪ ತೊಡೆ ಮೇಲೆ ತಾಳ ಹಾಕುತ್ತಲೇ ಇದ್ದರು.

ಎಲ್ಲರೂ ಮಲಗಿದ್ದಾರೆ. ನನಗೆ ಡಿಸ್ಕ್‌ನದೇ ಚಿಂತೆ. ಕ್ಯಾಸೆಟ್‌ಗಳಿಗೆ ಬೂಷ್ಟು ಹಿಡಿದಿದೆ, ಇನ್ನು ಓಡುವುದಿಲ್ಲ. ಚಿಕ್ಕಪ್ಪನ ಮನೆಯಲ್ಲೂ ಒಂದು ಪ್ರತಿ ಇರಲಿ ಅಂತ ಪೆನ್‌ಡ್ರೈವ್ ತೆಗೆದಿಟ್ಟಿದ್ದೇನೆ. ಅವರ ಹಳೇ ಟಿವಿ ಓದೋದು ಫ್ಯಾಟ್32 ಅನ್ನೋ ಹಳೇ ರೀತಿಯಲ್ಲಿ ಫಾರ್ಮ್ಯಾಟ್ ಮಾಡಿದ ಪೆನ್‌ಡ್ರೈವ್ ಮಾತ್ರ. ಅದರಲ್ಲಿ 4 ಜಿಬಿಗಿಂತ ದೊಡ್ಡ ಫೈಲ್ ಹಿಡಿಯುವುದಿಲ್ಲ. ರಾತ್ರಿಯಿಡೀ ನಡೆದ ನಾಟಕ, ತುಂಡು ಮಾಡಲೇಬೇಕು. ಎಲ್ಲಿ ಕತ್ತರಿಸಲಿ? ಕಂದಪದ್ಯದ ಮಧ್ಯೆ ಅಂದರೆ ಅಪ್ಪ ಒಪ್ಪುವುದಿಲ್ಲ. ಕುಂತಿ ಹೋದ ಮೇಲೆ ಒಂದು ಜಾಗ ಇದೆ. ಆದರೆ ಅಲ್ಲೂ ಮೇಷ್ಟ್ರು ಹಾರ್ಮೋನಿಯಂ ನಿಲ್ಲಿಸದೆ...