ಮನೆಯಲ್ಲೇ ಬೈಬಲ್ ಓದಿದರೆ ಸಾಲದಾ?

"ದಿನಾ ಬೈಬಲ್ ಓದ್ತೀನಿ, ಪ್ರಾರ್ಥನೆ ಮಾಡ್ತೀನಿ. ಒಳ್ಳೆಯ ಪ್ರಸಂಗ ಕೇಳಬೇಕೆಂದರೆ ಫೋನಿನಲ್ಲೇ ಸಿಗುತ್ತದೆ. ಮತ್ತೆ ಸಭೆಗೆ (ಚರ್ಚಿಗೆ) ಯಾಕೆ ಹೋಗಬೇಕು?"

ವೇದಾಧ್ಯಯನ ಕೂಟ ನಡೆಸುವವರೆಲ್ಲರಿಗೂ ಈ ಪ್ರಶ್ನೆ ಎದುರಾಗುತ್ತದೆ. ನನಗೂ ಅಷ್ಟೇ. ಕೇಳುವವರಲ್ಲಿ ಹೆಚ್ಚಿನವರು ನಂಬಿಕೆ ತಣ್ಣಗಾದವರಲ್ಲ, ಮನಸಾರೆ ದೇವರನ್ನು ಹುಡುಕುತ್ತಿರುವವರು. ಅಂಥವರಿಗೆ "ಭಾನುವಾರ ಬರಲೇಬೇಕು, ಅದು ನಿಯಮ" ಎಂದು ಹೇಳಿ ಮುಗಿಸಲು ನನಗೆ ಮನಸ್ಸು ಬರುವುದಿಲ್ಲ.

ಒಬ್ಬರೇ ಓದುವುದನ್ನು ಬಿಡಬೇಡಿ ಎಂದೇ ನಾನು ಮೊದಲು ಹೇಳುತ್ತೇನೆ. ಯೇಸು ಕೂಡ ನಸುಕಿನಲ್ಲೇ ಎದ್ದು ಒಬ್ಬನೇ ಪ್ರಾರ್ಥಿಸಲು ಹೋಗುತ್ತಿದ್ದನಲ್ಲ. ಆದರೆ ಬೈಬಲಿನ ಎಷ್ಟೋ ಭಾಗಗಳು ಬೇರೆಯವರ ಜೊತೆ ಓದಿ, ಅವರ ಜೊತೆ ಬಾಳಿದಾಗಲೇ ನಮಗೆ ಸರಿಯಾಗಿ ತೆರೆದುಕೊಳ್ಳುತ್ತವೆ.

ಆ ಮಾತುಗಳು ಮೊದಲು ಜನರನ್ನು ತಲುಪಿದ್ದೇ ಹಾಗೆ. ಮೊದಲ ಕಾಲದ ಸಭೆಗಳಿಗೆ ಪತ್ರಗಳನ್ನು ಬರೆದ ಅಪೊಸ್ತಲ ಪೌಲನು ಕೊಲೊಸ್ಸೆಯ ಸಭೆಗೆ ಬರೆದ ಪತ್ರದ ಕೊನೆಯಲ್ಲಿ, ಇದನ್ನು ನಿಮ್ಮಲ್ಲಿ ಓದಿಸಿದ ಮೇಲೆ ಲವೊದಿಕೀಯದ ಸಭೆಯಲ್ಲೂ ಓದಿಸಿ ಎಂದು ಹೇಳುತ್ತಾನೆ. ಒಬ್ಬರು ಗಟ್ಟಿಯಾಗಿ ಓದುತ್ತಿದ್ದರು, ಉಳಿದವರು ಕೂತು ಕೇಳುತ್ತಿದ್ದರು. ಯಜಮಾನರೂ ದಾಸರೂ ಒಂದೇ ಕೋಣೆಯಲ್ಲಿ ಇರುತ್ತಿದ್ದರು. ಅಚ್ಚಾದ ಪುಸ್ತಕ ಮನೆಮನೆಗೂ ಬಂದದ್ದು ಬಹಳ ಶತಮಾನಗಳ ನಂತರ.

ಕೊರಿಂಥದವರಿಗೆ ಬರೆದ ಮೊದಲ ಪತ್ರದ 13ನೇ ಅಧ್ಯಾಯವನ್ನೇ ನೋಡಿ. ಪ್ರೀತಿಗೆ ತಾಳ್ಮೆ ಇದೆ, ಅದು ಹೊಟ್ಟೆಕಿಚ್ಚುಪಡುವುದಿಲ್ಲ, ಅಪಕಾರವನ್ನು ಲೆಕ್ಕವಿಡುವುದಿಲ್ಲ. ಮದುವೆಗಳಲ್ಲಿ ಇದನ್ನು ಓದುತ್ತೇವೆ, ಕೇಳಲು ಬಹಳ ಹಿತ. ಆದರೆ ಪೌಲನು ಇದನ್ನು ಬರೆದದ್ದು ಜಗಳದಲ್ಲಿದ್ದ ಸಭೆಗೆ. ನಾನು ಪೌಲನವನು, ನಾನು ಅಪೊಲ್ಲೋಸನವನು ಎಂದು ಬೋಧಕರ ಹೆಸರಿನಲ್ಲಿ ಅಲ್ಲಿ ಗುಂಪುಗಳಾಗಿದ್ದವು. ಒಬ್ಬರ ಮೇಲೊಬ್ಬರು ವ್ಯಾಜ್ಯ ಹೂಡಿದ್ದರು. ಕರ್ತನ ಭೋಜನಕ್ಕೆ, ಅಂದರೆ ಯೇಸುವಿನ ನೆನಪಿಗಾಗಿ ಮಾಡುವ ಊಟಕ್ಕೆ, ಕೂಡಿ ಬಂದಾಗಲೂ ಕೆಲವರು ಮೊದಲೇ ತಿಂದು ಕುಡಿದು ಮತ್ತರಾಗುತ್ತಿದ್ದರು, ಕೆಲವರು ಹಸಿದೇ ಇರುತ್ತಿದ್ದರು. ಹಿಂದಿನ ಅಧ್ಯಾಯ ಒಂದೇ ದೇಹದ ಬೇರೆ ಬೇರೆ ಅಂಗಗಳ ಬಗ್ಗೆ, ಮುಂದಿನದು ಆರಾಧನೆಯಲ್ಲಿ ಕ್ರಮ ಹೇಗಿರಬೇಕು ಎಂಬ ಬಗ್ಗೆ. ನಡುವೆ ಈ ಪ್ರೀತಿಯ ಮಾತು. ಅಧ್ಯಾಯಗಳ ವಿಂಗಡಣೆ ಬಂದದ್ದು 13ನೇ ಶತಮಾನದಲ್ಲಿ, ಈಗ ನಾವು ನೋಡುವ ವಚನಗಳ ಸಂಖ್ಯೆ ಹೊಸ ಒಡಂಬಡಿಕೆಗೆ ಬಂದದ್ದು 1551ರಲ್ಲಿ. ಪೌಲನ ಪತ್ರದಲ್ಲಿ ಅವು ಇರಲಿಲ್ಲ. ಕೊರಿಂಥದವರು ಅದನ್ನು ಒಂದೇ ಓಟದಲ್ಲಿ ಕೇಳಿಸಿಕೊಂಡರು, ಯಾರ ಜೊತೆ ಜಗಳವಿತ್ತೋ ಅವರ ಪಕ್ಕದಲ್ಲೇ ಕೂತು.

ನನ್ನ ಕೋಣೆಯಲ್ಲಿ ನಾನೊಬ್ಬನೇ ಇದ್ದಾಗ ತಾಳ್ಮೆ ತುಂಬಾ ಸುಲಭ. ಪ್ರಾರ್ಥನೆಯನ್ನು ಬೇಕೆಂದಾಗ ಮುಗಿಸದವರು, ನನ್ನ ಅಭಿಪ್ರಾಯಕ್ಕೆ ಅಡ್ಡ ಬರುವವರು, ಹಳೇ ನೋವನ್ನೇ ಮತ್ತೆ ಮತ್ತೆ ಹೇಳುವವರು ಎದುರಿಗೆ ಇದ್ದಾಗಲೇ ಈ ಅಧ್ಯಾಯ ನನ್ನನ್ನು ಪ್ರಶ್ನಿಸುತ್ತದೆ. ಒಬ್ಬರ ಭಾರವನ್ನೊಬ್ಬರು ಹೊತ್ತುಕೊಳ್ಳಿ ಎಂಬ ಗಲಾತ್ಯದವರಿಗೆ ಬರೆದ ಮಾತೂ ಹಾಗೇ ಅಲ್ವಾ? ಅದನ್ನು ಪಾಲಿಸಲು ಇನ್ನೊಬ್ಬರು ಬೇಕು. ನನ್ನ ಭಾರವನ್ನು ಹೊರಲು ನಾನು ಅವರಿಗೆ ಅವಕಾಶವನ್ನೂ ಕೊಡಬೇಕು. ಎರಡನೆಯದೇ ಜಾಸ್ತಿ ಕಷ್ಟ.

ಓದುವ ರೀತಿಯೂ ಬದಲಾಗುತ್ತದೆ. ಒಬ್ಬರೇ ಓದುವಾಗ ನಮಗೆ ಇಷ್ಟವಾದ ವಚನಗಳ ಬಳಿಯೇ ಕಣ್ಣು ನಿಲ್ಲುತ್ತದೆ. ಯೆರೆಮೀಯ 29:11 ಎಲ್ಲರಿಗೂ ಗೊತ್ತು. ನಿಮಗೆ ಹಿತವನ್ನೇ ಯೋಚಿಸಿದ್ದೇನೆ, ನಿರೀಕ್ಷೆ ಕೊಡುತ್ತೇನೆ ಎಂಬ ದೇವರ ಮಾತು. ಅದರ ಹಿಂದಿನ ವಚನದಲ್ಲಿ 70 ವರ್ಷ ಎಂದಿದೆ. ಬಾಬೆಲಿಗೆ (ಬ್ಯಾಬಿಲೋನಿಗೆ) ಸೆರೆಹೋದ ಯೆಹೂದ್ಯರಿಗೆ ಬರೆದ ಪತ್ರ ಅದು. ಮನೆ ಕಟ್ಟಿಕೊಳ್ಳಿ, ತೋಟ ಮಾಡಿಕೊಳ್ಳಿ, ನೀವು ಇರುವ ಆ ಪಟ್ಟಣದ ಹಿತಕ್ಕಾಗಿ ಪ್ರಾರ್ಥಿಸಿ ಎಂದು ಅದೇ ಪತ್ರ ಹೇಳುತ್ತದೆ. ಹನ್ನೊಂದನೆಯ ವಚನವನ್ನು ಮಾತ್ರ ಓದಿದವರಿಗೆ ಕೆಲಸ, ಪರೀಕ್ಷೆ ನೆನಪಾಗುತ್ತದೆ. ಬಹಳ ವರ್ಷ ಕಾದು ಕೂತವರೊಬ್ಬರು ಕೂಟದಲ್ಲಿದ್ದರೆ ಆ 70 ವರ್ಷದ ಬಳಿ ನಿಂತುಬಿಡುತ್ತಾರೆ. ಅವರು ಅಲ್ಲಿ ಏನು ಕಂಡರು ಎಂದು ಕೇಳಿಸಿಕೊಳ್ಳುವುದು ನನಗೆ ಯಾವ ವ್ಯಾಖ್ಯಾನದ ಪುಸ್ತಕಕ್ಕಿಂತಲೂ ದೊಡ್ಡ ವರ.

ಅಪೊಸ್ತಲರ ಕೃತ್ಯಗಳ 18ನೇ ಅಧ್ಯಾಯದಲ್ಲಿ ಅಪೊಲ್ಲೋಸ ಬರುತ್ತಾನೆ. ವಾಕ್ಚಾತುರ್ಯ ಇದ್ದವನು, ಶಾಸ್ತ್ರದಲ್ಲಿ ಪ್ರವೀಣ. ಆದರೆ ಅವನಿಗೆ ತಿಳಿದಿದ್ದು ಯೇಸುವಿಗೆ ದಾರಿ ಸಿದ್ಧಮಾಡಲು ಬಂದ ಯೋಹಾನನ ದೀಕ್ಷಾಸ್ನಾನ ಮಾತ್ರ. ಗುಡಾರ ಮಾಡುವ ಕಸುಬಿನ ಪ್ರಿಸ್ಕಿಲ್ಲ ಮತ್ತು ಅಕ್ವಿಲ ಎಂಬ ದಂಪತಿಗಳು ಅವನನ್ನು ತಮ್ಮ ಬಳಿಗೆ ಕರೆದುಕೊಂಡು ದೇವರ ಮಾರ್ಗವನ್ನು ಇನ್ನೂ ಚೆನ್ನಾಗಿ ತಿಳಿಸಿಕೊಟ್ಟರು. ಫೋನಿನ ಪ್ರಸಂಗ ಎಷ್ಟೇ ಒಳ್ಳೆಯದಿರಲಿ, ನನ್ನ ತಿಳುವಳಿಕೆಯಲ್ಲಿ ಏನು ಕೊರತೆಯಿದೆ ಎಂದು ಅದಕ್ಕೆ ಗೊತ್ತಾಗುವುದಿಲ್ಲ. ಪಕ್ಕದಲ್ಲಿ ಕೂತವರಿಗೆ ಗೊತ್ತಾಗುತ್ತದೆ.

ಸಭೆಯಲ್ಲೇ ಮನಸ್ಸಿಗೆ ಗಾಯವಾಗಿ ದೂರ ಉಳಿದವರೂ ಈ ಪ್ರಶ್ನೆ ಕೇಳುತ್ತಾರೆ. ಅವರಿಗೆ ನಾನು ಮೇಲಿನ ಯಾವುದನ್ನೂ ಮೊದಲಿಗೇ ಹೇಳುವುದಿಲ್ಲ. ಅವರ ಮಾತನ್ನು ಕೇಳಬೇಕು, ಅಷ್ಟೇ. ಹಿಂಸೆ ಕೊಟ್ಟ ಜಾಗಕ್ಕೇ ವಾಪಸ್ ಹೋಗಿ ಎಂದು ಒತ್ತಾಯಿಸಬಾರದು. ಎಲ್ಲಿ ಇಬ್ಬರು ಮೂವರು ನನ್ನ ಹೆಸರಿನಲ್ಲಿ ಕೂಡಿರುತ್ತಾರೋ ಅಲ್ಲಿ ನಾನಿದ್ದೇನೆ ಎಂದ ಯೇಸು, ಅವರ ಅಡುಗೆಮನೆಯ ಮೇಜಿನ ಬಳಿಯೂ ಇರುತ್ತಾನೆ. ಹಾಸಿಗೆ ಹಿಡಿದವರ ಬಳಿಗೆ, ರಾತ್ರಿ ಪಾಳಿಯವರ ಬಳಿಗೆ ನಾವೇ ಹೋಗಬೇಕು.

ಶುರುಮಾಡುವುದು ಹೇಗೆ ಎಂದು ಕೇಳಿದರೆ, ಫಿಲಿಪ್ಪಿಯವರಿಗೆ ಬರೆದ ಪತ್ರವನ್ನು ತೆಗೆದುಕೊಳ್ಳಿ. ಬರೀ 4 ಅಧ್ಯಾಯ. ಸೆರೆಯಲ್ಲಿದ್ದವನು ಬರೆದದ್ದು, ಆದರೂ ತುಂಬಾ ಸಂತೋಷ. ಕೊನೆಯಲ್ಲಿ ಇಬ್ಬರು ಹೆಂಗಸರ ಭಿನ್ನಾಭಿಪ್ರಾಯವೂ ಇದೆ, ಅದನ್ನು ಬಿಟ್ಟು ಓದಬೇಡಿ. ಮೂರ್ನಾಲ್ಕು ಜನ ಸಾಕು. ಮೊದಲ ಸಲ ಇಡೀ ಪತ್ರವನ್ನು ಗಟ್ಟಿಯಾಗಿ ಓದಿ, ಮಧ್ಯೆ ನಿಲ್ಲಿಸಬೇಡಿ. ಆಮೇಲೆ ವಾರಕ್ಕೆ ಸ್ವಲ್ಪ ಸ್ವಲ್ಪ. ಅರ್ಥವಾಗದ್ದನ್ನು ಅರ್ಥವಾಗಲಿಲ್ಲ ಎಂದೇ ಹೇಳಿ, ಹೆಚ್ಚು ತಿಳಿದವರು ಕಡಿಮೆ ಮಾತಾಡಲಿ. ಏಳುವ ಮುಂಚೆ ಒಬ್ಬೊಬ್ಬರ ಹೆಸರು ಹಿಡಿದು ಪ್ರಾರ್ಥಿಸಿ. ಮುಂದಿನ ವಾರ ಸೇರಿದಾಗ, ಯಾರಿಗಾಗಿ ಪ್ರಾರ್ಥಿಸಿದ್ದಿರೋ ಅವರು ಹೇಗಿದ್ದಾರೆ ಎಂದು ವಿಚಾರಿಸಿ, ಬೈಬಲ್ ಆಮೇಲೆ ತೆರೆಯಿರಿ.